ಕಾಮಗಾರಿ ವಿಭಾಗದ ನಿಜಗುಣಪ್ಪನವರ ಪದಸಂಹಾರ

ಅಂಗೈಯಗಲದ ಗಾಜಿನ ಹಲಗೆಯೊಳಗೆ ಸ್ವರ್ಗ, ಮರ್ತ್ಯ, ಪಾತಾಳಗಳು ಮೂರೂ ಒತ್ತರಿಸಿಕೊಂಡು ಕುಳಿತಿದ್ದ ಯುಗವದು. ಹೆಬ್ಬೆರಳಿನ ಒಂದು ತೀಡುವಿಕೆಗೆ ದೇವರ ದರ್ಶನವೂ ಮರುತೀಡುವಿಕೆಗೆ ದೆವ್ವದ ದರ್ಶನವೂ ಆಗುತ್ತಿದ್ದ ಆ ಕಾಲದಲ್ಲಿ, ಲೋಕದ ಸಮಸ್ತ ಮಾಲಿನ್ಯವನ್ನೂ ತನ್ನೊಂದು ಪಾಸ್‌ವರ್ಡಿನಿಂದ ತಡೆದು ನಿಲ್ಲಿಸುವೆನೆಂದು ಕಂಕಣ ತೊಟ್ಟ ಮಹಾಪುರುಷರೊಬ್ಬರು ನಮ್ಮ ನಡುವೆ ಬಾಳಿದರು. ಮೊಬೈಲ್ ಗೋಪುರಗಳ ತುತ್ತತುದಿಯಲ್ಲಿ ನೆಲೆಸಿರುವ ತಾಯಿ ಜಾಲದೇವತೆಯೇ, ನಾಲ್ಕು ಕಡ್ಡಿ ತೋರಿಸಿ ಬೇಕಾದ ಹೊತ್ತಿಗೆ ಒಂದಕ್ಕಿಳಿಯುವ ಚಂಚಲೆಯೇ, ಈ ಕಥೆ ಮುಗಿಯುವ ತನಕವಾದರೂ ಕೈಬಿಡದಿರು. ಇದು ಪುರಸಭಾಕಾಮಗಾರಿವಿಭಾಗಭೂಷಣ, ಪ್ರಥಮದರ್ಜೆಸಹಾಯಕಕುಲತಿಲಕ, ಕಡತಧೂಳಿಧೂಸರಮೀಸೆಯ ಶ್ರೀಮಾನ್ ನಿಜಗುಣಪ್ಪನವರ ಮಹಾಸಮರದ ಕಥೆ.

ರೈಲ್ವೆ ಗೇಟಿನಾಚೆಯ ಬಡಾವಣೆಯಲ್ಲಿ ಅವರ ರಾಜಧಾನಿ. ಪಟ್ಟದರಸಿ ಗಿರಿಜಾಂಬ. ಏಕಮಾತ್ರ ಪ್ರಜೆ, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದ ಮಗಳು ನೀಲಾಂಬಿಕೆ. ಆ ಮಗಳ ಕೈಯಲ್ಲಿ ಒಂದು ಮೊಬೈಲಿತ್ತು. ಗಿರಿಜಾಂಬನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಿಂದ ಲೋಕಕ್ಕೆ ಯಾವ ಅಪಾಯವೂ ಇರಲಿಲ್ಲ. ಒಂದು ದಿನ ಕಚೇರಿಯ ಚಹಾದ ಹೊತ್ತಿನಲ್ಲಿ, ಯಾರದೋ ಮನೆಯ ಯಾವುದೋ ಮಗು ಮೊಬೈಲಿನಲ್ಲಿ ಏನನ್ನೋ ನೋಡಿ ಹೇಗೋ ಆಯಿತಂತೆ ಎಂಬ ಖಚಿತ ವರ್ತಮಾನ ನಿಜಗುಣಪ್ಪನವರ ಕಿವಿಗೆ ಬಿತ್ತು. ಇಷ್ಟು ಸ್ಪಷ್ಟವಾದ ಸಾಕ್ಷ್ಯ ಸಿಕ್ಕಿದ ಮೇಲೆ ವೀರನಾದವನು ಸುಮ್ಮನೆ ಕೂರುವುದುಂಟೆ? ಅವರು ಮಕ್ಕಳ ಮೊಬೈಲಿಗೆ ಕಾವಲು ಹಾಕುವ ಒಂದು ಆ್ಯಪನ್ನು ಇಳಿಸಿಕೊಂಡು, ಮಗಳ ಫೋನಿಗೆ ಹೊಗಿಸಿ, ತಮ್ಮ ಫೋನಿನಲ್ಲಿ ಅದರ ಬೀಗದ ಕೈ ಇಟ್ಟುಕೊಂಡು, ಊಟದ ಕೋಣೆಯ ನಡುವೆ ನಿಂತು ಸಿಂಹನಾದ ಮಾಡಿದರು. ಉಕ್ಕಿ ಬಂದಾಗಲೆಲ್ಲ ಅವರ ಮಾತು ಕಚೇರಿಯ ಟಿಪ್ಪಣಿಯಾಗುತ್ತಿತ್ತು.

"ಸದರಿ ಮನೆಯ ಹೊಸ್ತಿಲಿನೊಳಗೆ ಇನ್ನು ಮುಂದೆ ಯಾವುದೇ ಅಶ್ಲೀಲ ಸಂಗತಿ ಪ್ರವೇಶಿಸತಕ್ಕದ್ದಲ್ಲ. ಪ್ರವೇಶಿಸಿದ್ದೇ ಆದಲ್ಲಿ ಅದಕ್ಕೆ ನಾನೇ ಜವಾಬ್ದಾರ. ಸೊಳ್ಳೆ ಬರಬಹುದು, ಹಲ್ಲಿ ಬರಬಹುದು, ಹೊಲಸು ಮಾತ್ರ ಬರೋ ಹಾಗಿಲ್ಲ."

"ಹಲ್ಲೀನೂ ಸ್ವಲ್ಪ ನೋಡಿ, ಅಡುಗೆಮನೇಲಿ ಎರಡಿದಾವೆ" ಎಂದರು ಗಿರಿಜಾಂಬ, ಸಾರಿನ ಪಾತ್ರೆ ಇಡುತ್ತ.

ಆ ಆ್ಯಪಿನೊಳಗೆ ತಡೆಯಬೇಕಾದ ಪದಗಳನ್ನು ತಾವೇ ತುಂಬಿಸಬಹುದೆಂಬ ದಿವ್ಯಾಸ್ತ್ರವೊಂದು ಅಡಗಿತ್ತು. ನಿಜಗುಣಪ್ಪನವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತೋರುಬೆರಳೊಂದರಿಂದಲೇ, ನಿಧಾನವಾಗಿ, ಶತ್ರುವಿನ ಹೆಸರು ಬರೆದು ಮೊಳೆ ಹೊಡೆಯುವ ಮಂತ್ರವಾದಿಯಂತೆ, 'ಕಾಮ' ಎಂದು ಬರೆದು ತಡೆದರು. 'ರತಿ' ಎಂದು ಬರೆದು ತಡೆದರು. 'ಮುತ್ತು' ತಡೆದರು. 'ಗರ್ಭ' ತಡೆದರು. ತಮ್ಮ ಶಬ್ದಭಂಡಾರ ಇಷ್ಟು ವಿಶಾಲವಾಗಿದೆಯೆಂದು ಅವರಿಗೇ ಗೊತ್ತಿರಲಿಲ್ಲ. ಅಂದು ಕುರ್ಚಿಯಲ್ಲಿ ಕೂತು ಅವರು ಬರೆದ ಎಷ್ಟೋ ಪದಗಳನ್ನು ನೀಲಾಂಬಿಕೆ ಹುಟ್ಟಿದಂದಿನಿಂದ ಕೇಳಿಯೂ ಇರಲಿಲ್ಲ.

ಆದರೆ ಆ ಅಸ್ತ್ರಕ್ಕೆ ಗುರಿ ಹಿಡಿಯುವ ಗೊಡವೆಯಿರಲಿಲ್ಲ. ಪದದೊಳಗೆ ಪದ ಸಿಕ್ಕಿದರೂ ಸಾಕು, ಕಡಿದು ಹಾಕುತ್ತಿತ್ತು. ಭೌತಶಾಸ್ತ್ರದ ಪಾಠಕ್ಕೆಂದು ನೀಲಾಂಬಿಕೆ ಕಾಮನಬಿಲ್ಲು ಹುಡುಕಿದಳು; ಪರದೆ ಕೆಂಪಾಗಿ, ಅಡ್ಡಗೆರೆ ಎಳೆದ ಗುರಾಣಿಯೊಂದು ಮೂಡಿತು. ಕಾಮಕಸ್ತೂರಿ ಬೀಜವನ್ನು ಎಷ್ಟು ಹೊತ್ತು ನೆನೆಹಾಕಬೇಕೆಂದು ಅಮ್ಮ ಕೇಳಿದ್ದಕ್ಕೆ ಹುಡುಕಿದಳು, ಗುರಾಣಿ. ಪಕ್ಕದ ಮನೆಯವರಿಗೆ ಕಾಮಾಲೆಯಾದಾಗ ಪಥ್ಯವೇನೆಂದು ಹುಡುಕಿದಳು, ಗುರಾಣಿ. ರತಿಯಿದ್ದ ಕಾರಣಕ್ಕೆ ಮಂಗಳಾರತಿ ಹತವಾಯಿತು, ಮುತ್ತುಗದ ಎಲೆ ಬಿದ್ದುಹೋಯಿತು, ಯಾವ ದೇವಸ್ಥಾನದಲ್ಲೂ ಗರ್ಭಗುಡಿಯೆಂಬುದೇ ಉಳಿಯಲಿಲ್ಲ. ಸ್ವತಃ ನಿಜಗುಣಪ್ಪನವರ ಅನ್ನದಾತ ಇಲಾಖೆಯಾದ ಕಾಮಗಾರಿ ವಿಭಾಗವೇ ಆ ಮನೆಯಲ್ಲಿ ಅಶ್ಲೀಲವಾಗಿ ಹೋಯಿತು.

ಪ್ರತಿ ವಧೆಗೂ ಅವರ ಫೋನು ಟಿಣ್ಣೆನ್ನುತ್ತಿತ್ತು. 'ತಡೆದ ಪದ: ಕಾಮ' ಎಂದಷ್ಟೇ ಅಲ್ಲಿ ಮೂಡುತ್ತಿತ್ತು. ಇಡೀ ಪದ ಓದುವ ವ್ಯವಧಾನ ಆ್ಯಪಿಗೂ ಇರಲಿಲ್ಲ, ನಿಜಗುಣಪ್ಪನವರಿಗೂ ಇರಲಿಲ್ಲ. ಅವರು ಫೋನನ್ನು ಸಹೋದ್ಯೋಗಿಗಳೆದುರು ಎತ್ತಿ ಹಿಡಿದು, "ನೋಡಿ, ಇವತ್ತು ಮತ್ತೆ ಬಂದಿತ್ತು. ನಾನು ಬಿಡ್ಲಿಲ್ಲ" ಎನ್ನುತ್ತಿದ್ದರು. ಮಗಳು ಏನು ಹುಡುಕುತ್ತಿದ್ದಾಳೆಂದು ಮಗಳನ್ನೇ ಕೇಳುವುದು ಮಾತ್ರ ಅವರ ರಣನೀತಿಯಲ್ಲಿರಲಿಲ್ಲ. ಕೋಟೆ ಕಾಯುವವನು ಒಳಗಿರುವವರೊಡನೆ ಹರಟೆ ಕೊಚ್ಚುತ್ತಾನೆಯೆ?

ಇಂತಿರಲು ಒಂದು ಸಂಜೆ, ಅವರು ಕುರ್ಚಿಯಲ್ಲಿ ಕೂತು ಹೊಸ ಪದಗಳ ಬೇಟೆಯಲ್ಲಿದ್ದಾಗ, ಗಿರಿಜಾಂಬ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನರ್ಸಿಂಗ್ ಹೋಮಿಗೆ ಹೋಗಿ ಬಂದೆ. ತೆಗೆದುಬಿಡ್ಬೇಕಂತೆ. ಸೋಮವಾರ ಬನ್ನಿ ಅಂದಿದಾರೆ" ಎಂದರು.

"ಹೂಂ. ತೆಗೆಸು ಮತ್ತೆ. ಹಲ್ಲು ನೋವು ಇಟ್ಕೊಂಡು ಕೂರಬಾರದು" ಎಂದರು ನಿಜಗುಣಪ್ಪನವರು, ತಲೆಯೆತ್ತದೆ.

ಗಿರಿಜಾಂಬ ಒಳಗೆ ಹೋದರು.

ಎರಡು ದಿನ ಕಳೆದು, ಶನಿವಾರ ಮಧ್ಯಾಹ್ನ, ಚರಂಡಿ ಕಾಮಗಾರಿಯ ಕಡತದ ಮೇಲೆ ಮೊಣಕೈಯೂರಿ ಕುಳಿತಿದ್ದ ವೀರನ ಜೇಬಿನಲ್ಲಿ ಫೋನು ಟಿಣ್ಣೆಂದಿತು. 'ತಡೆದ ಪದ: ಗರ್ಭ.' ಅವರು ಹುಬ್ಬೇರಿಸುವಷ್ಟರಲ್ಲಿ ಇನ್ನೊಂದು. 'ತಡೆದ ಪದ: ಗರ್ಭ.' ಮತ್ತೆ, ಮತ್ತೆ, ಮತ್ತೆ. ಮನೆಯಲ್ಲಿ ಕೂತ ಹದಿನೇಳರ ಮಗಳು ಬಿಟ್ಟೂಬಿಡದೆ ಆ ಒಂದೇ ಪದದ ಕದ ಬಡಿಯುತ್ತಿದ್ದಳು.

ಅಯ್ಯೋ, ಆ ಕ್ಷಣದಲ್ಲಿ ಧೂಳಿಧೂಸರಮೀಸೆ ನಡುಗಿತು. ಕಲ್ಪನೆಯೆಂಬುದು ನಿಜಗುಣಪ್ಪನವರಿಗೆ ಕಡತಗಳಲ್ಲಿ ಎಂದೂ ಒದಗದ ವರ. ಈಗದು ಒಮ್ಮೆಲೇ ಒದಗಿ, ಊರ ಬಾಯಿಯನ್ನೂ ನೆಂಟರ ಕಣ್ಣನ್ನೂ ಮುರಿದುಬಿದ್ದ ಮದುವೆಯ ಮಾತುಗಳನ್ನೂ ಸಾಲಾಗಿ ತೋರಿಸಿತು. ಮಗಳಿಗೆ ಏನಾಗಿದೆಯೋ ಎಂಬುದು ಆ ಸಾಲಿನ ಕಟ್ಟಕಡೆಗೆ ಬಂತು. ಬಂದಾಗ ಮಾತ್ರ ಅವರು ರಜೆಯ ಚೀಟಿ ಬರೆಯುವುದನ್ನೂ ಮರೆತು ಹೊರಬಿದ್ದರು. ದ್ವಿಚಕ್ರರಥವನ್ನು ಒದೆದರು. ಅದು ನಾಲ್ಕನೆಯ ಒದೆಗೆ ಕೆಮ್ಮಿ ಎದ್ದಿತು. ಕ್ರೋಧಾಗ್ನಿಜ್ವಾಲಾಮಾಲಾಪರಿವೇಷ್ಟಿತರಾಗಿ, ಹೆಲ್ಮೆಟ್ಟಿನ ಪಟ್ಟಿ ಹಾಕದೆ, ಸಂತೆಬೀದಿಯ ಸೊಪ್ಪಿನ ಗುಡ್ಡೆಗಳನ್ನು ಕೂದಲೆಳೆಯಲ್ಲಿ ತಪ್ಪಿಸುತ್ತ ಅವರು ಧಾವಿಸಿದ ಪರಿಯನ್ನು ಬಣ್ಣಿಸಲು ನಾಲಿಗೆ ಸಾಲದು. ಗೇಟು ಹಾಕಿತ್ತು. ಕ್ರೋಧಾಗ್ನಿಯು ಗೂಡ್ಸ್ ರೈಲು ಪೂರ್ತಿ ಹೋಗುವ ತನಕ ಕಾದಿತು.

ಮನೆ ಹೊಕ್ಕರೆ ತಾಯಿ ಮಗಳಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ನಡುವೆ ಕೆಂಪು ಪರದೆಯ ಫೋನು ಬಿದ್ದಿತ್ತು.

"ಏಳು ಮೇಲೆ" ಎಂದರು ನಿಜಗುಣಪ್ಪನವರು. ಅವರ ದನಿ ಅವರಿಗೇ ಅಪರಿಚಿತವಾಗಿ ಕೇಳಿತು. "ಸದರಿ ಫೋನಿನಲ್ಲಿ ನೀನು ಏನು ಹುಡುಕ್ತಿದ್ದೀಯ? ಮುಚ್ಚುಮರೆಯಿಲ್ಲದೆ ಹೇಳು. ಈ ಮನೆತನದ ಮರ್ಯಾದೆಯನ್ನ ಹಗಲೂ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ಕಾದೋನು ನಾನು. ನನ್ನ ಕಣ್ಣು ತಪ್ಪಿಸಿ ಆ... ಆ ಪದ..."

"ಯಾವ ಪದ ಅಪ್ಪಾಜಿ?"

"ಅದೇ. ಗ ಅಕ್ಷರದ್ದು."

ನೀಲಾಂಬಿಕೆ ತಂದೆಯ ಮುಖವನ್ನು ನೋಡಿದಳು. ಅವರು ಏನೆಂದುಕೊಂಡು ಓಡಿಬಂದಿದ್ದಾರೆಂದು ಅವಳಿಗೆ ನಿಧಾನವಾಗಿ ಹೊಳೆಯಿತು. ಹೊಳೆದದ್ದೇ ಅವಳ ಮುಖ ಗಟ್ಟಿಯಾಯಿತು.

"ಗರ್ಭಕೋಶ" ಎಂದಳು. "ಅದು ನಂದಲ್ಲ. ಅಮ್ಮಂದು."

ನಿಜಗುಣಪ್ಪನವರು ಹೆಂಡತಿಯ ಕಡೆ ತಿರುಗಿದರು.

"ಹಲ್ಲಲ್ಲ ನಾನು ಹೇಳಿದ್ದು" ಎಂದರು ಗಿರಿಜಾಂಬ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ಆರು ತಿಂಗಳಿಂದ ರಕ್ತ ನಿಲ್ತಾ ಇಲ್ಲ. ಹೊಟ್ಟೆ ಒತ್ತಿ ನೋಡಿ, ಗಡ್ಡೆ ಇದೆ, ಗರ್ಭಕೋಶನೇ ತೆಗೆದುಬಿಡಣ ಅಂದ್ರು. ಸ್ಕ್ಯಾನಿಂಗೂ ಮಾಡ್ಲಿಲ್ಲ. ಯಾರನ್ನ ಕೇಳ್ಲಿ ನಾನು? ಇವಳಿಗೆ ಹೇಳ್ದೆ."

"ತೆಗೀದೇನೂ ವಾಸಿ ಆಗತ್ತಾ ಅಂತ, ಅಮ್ಮನೂ ಓದೋ ಹಾಗೆ ಕನ್ನಡದಲ್ಲೇ ನೋಡಣ ಅಂದ್ರೆ ನಿಮ್ಮ ಗುರಾಣಿ" ಎಂದಳು ನೀಲಾಂಬಿಕೆ. ಅವಳು ದನಿಯೆತ್ತಲಿಲ್ಲ. "ಹೆಂಗೆ ಬರೆದ್ರೂ ಬಿಡಲ್ಲ ಅದು. ಅಮ್ಮನ ಹೊಟ್ಟೆ ನಿಮಗೆ ಹೊಲಸು ಅಪ್ಪಾಜಿ. ನಾನೂ ಅಲ್ಲಿಂದಾನೇ ಬಂದಿದ್ದು."

ನಿಜಗುಣಪ್ಪನವರು ಸಕ್ಕರೆ ಡಬ್ಬಿಯ ಪಕ್ಕದ ಮಣೆಯ ಮೇಲೆ ಕುಸಿದು ಕೂತರು. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಮಗಳಿಗೆ ಏನೂ ಆಗಿಲ್ಲವೆಂಬ ನಿರಾಳ ಮೊದಲು ಬಂತು. ಅದರ ಬೆನ್ನಿಗೇ, ಹೆಂಡತಿಗೆ ಆಗಿರುವುದು ಆರು ತಿಂಗಳಿಂದ ಆಗುತ್ತಲೇ ಇದೆ ಎಂಬುದು ಬಂತು. ಫೋನು ತೆಗೆದರು. ತೋರುಬೆರಳಿನಿಂದ ಒಂದು ಗುಂಡಿಯನ್ನು ಮುಟ್ಟಿದರು. ಸಾಮ್ರಾಜ್ಯ ಪತನವಾಗಲು ಅಷ್ಟೇ ಸಾಕಾಯಿತು. ನೀಲಾಂಬಿಕೆ ಕೆಳಗೆ ಬಿದ್ದ ಫೋನೆತ್ತಿಕೊಂಡು ಓದತೊಡಗಿದಳು. ಸಣ್ಣ ಗಡ್ಡೆಯಾದರೆ ಗುಳಿಗೆಯಿಂದಲೂ ಹತೋಟಿಗೆ ಬರಬಹುದು, ಮೊದಲು ಸ್ಕ್ಯಾನಿಂಗ್ ಆಗಲೇಬೇಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ ಎಂದೆಲ್ಲ ಅಲ್ಲಿತ್ತು. ಕಾಲೇಜಿನಲ್ಲಿ ಅವಳು ಕೇಳಿದ್ದಕ್ಕೆ ಜೀವಶಾಸ್ತ್ರದ ಮೇಡಂ ಜಿಲ್ಲಾಸ್ಪತ್ರೆಯ ಲೇಡಿ ಡಾಕ್ಟರೊಬ್ಬರ ಹೆಸರು ಹೇಳಿದ್ದರು.

"ನಾನೇನು ಮಾಡ್ಲಿ?" ಎಂದು ಕೇಳಿದರು ನಿಜಗುಣಪ್ಪನವರು. ಆ ಮನೆಯಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

"ಸೋಮವಾರ ಜಿಲ್ಲಾಸ್ಪತ್ರೆಗೆ ಜೊತೆಗೆ ಬನ್ನಿ" ಎಂದರು ಗಿರಿಜಾಂಬ. "ಸ್ಕ್ಯಾನಿಂಗಿಗೆ ನೀರು ಕುಡಿದು ಹೊಟ್ಟೆ ತುಂಬಿಸ್ಕೋಬೇಕಂತೆ, ಮುಗಿಯೋ ತನಕ ಒಂದಕ್ಕೆ ಹೋಗೋ ಹಾಗಿಲ್ವಂತೆ. ಬಾಟ್ಲಿ ಹಿಡ್ಕೊಳ್ಳಿ."

ಹೀಗೆ ಲೋಕಶೀಲರಕ್ಷಾದೀಕ್ಷಿತರಾದ ನಿಜಗುಣಪ್ಪನವರು ಸೋಮವಾರ ಬೆಳಿಗ್ಗೆ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ, ಹಸಿರು ಮುಚ್ಚಳದ ನೀರಿನ ಬಾಟಲಿಯನ್ನು ಗದೆಯಂತೆ ಹೆಗಲಿಗಾನಿಸಿಕೊಂಡು ನಿಂತರು. ಅವರ ಸರದಿ ಬಂದಾಗ ಕಿಟಕಿಯಾಚೆಯ ಹೆಂಗಸು ತಲೆಯೆತ್ತದೆ, "ಏನು ತೊಂದರೆ?" ಎಂದಳು.

ವೀರನು ಹಿಂದೆ ನೋಡಿದನು. ಸಾಲಿನಲ್ಲಿ ಅರ್ಧ ಊರೇ ನಿಂತಂತಿತ್ತು.

"ಅದು... ಹೆಂಗಸರದು."

"ಹೆಂಗಸರದು ಅಂದ್ರೆ? ಕಾಲೋ, ಕೈಯೋ? ಜೋರಾಗಿ ಹೇಳಿ, ಫ್ಯಾನ್ ಸದ್ದಿಗೆ ಕೇಳ್ಸಲ್ಲ."

ನಿಜಗುಣಪ್ಪನವರ ಬಲಗೈಯಲ್ಲಿ ಬಾಟಲಿ ಚರಚರನೆ ನಲುಗಿತು. ಪಕ್ಕದಲ್ಲಿ ಗಿರಿಜಾಂಬ ಅವರನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಆಸೆಯೂ ಇರಲಿಲ್ಲ. ಅದನ್ನು ತಾಳಲಾರದೆ ಅವರು ಕಣ್ಣುಮುಚ್ಚಿ, ಉಸಿರು ಕಟ್ಟಿ, ಆ ಪದವನ್ನು ಹೇಳಿಯೇಬಿಟ್ಟರು.

"ಗರ್ಭಕೋಶ."

ಛಾವಣಿ ಬೀಳಲಿಲ್ಲ. ಹಿಂದೆ ನಿಂತವರೊಬ್ಬರು ಆಕಳಿಸಿದರು. ಕಿಟಕಿಯಾಚೆಯ ಹೆಂಗಸು, "ಹದಿನಾಲ್ಕನೇ ರೂಮು, ಎಡಗಡೆ" ಎಂದಳು.

ಹದಿನಾಲ್ಕನೆಯ ಕೋಣೆಯ ನರ್ಸು ಹೊಟ್ಟೆ ಸಾಕಷ್ಟು ತುಂಬಿಲ್ಲವೆಂದು ವಾಪಸು ಕಳುಹಿಸಿದಳು. ನಿಜಗುಣಪ್ಪನವರು ನಲ್ಲಿಗೆ ಹೋಗಿ ಬಾಟಲಿ ತುಂಬಿಸಿ ತಂದರು. ಮತ್ತೊಮ್ಮೆ ಕಳುಹಿಸಿದಳು, ಮತ್ತೊಮ್ಮೆ ತಂದರು. ಕೊನೆಗೆ ತಾಯಿ ಮಗಳಿಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಬೆಂಚಿನ ಮೇಲೆ ಅವರು ಕೂತರು, ಎದ್ದರು, ಮತ್ತೆ ಕೂತರು.

ಬಾಗಿಲು ತೆರೆದಾಗ ಗಿರಿಜಾಂಬ ನಿಲ್ಲಲಿಲ್ಲ. "ಆಮೇಲೆ ಹೇಳ್ತೀನಿ, ಇದು ಹಿಡ್ಕೊಳ್ಳಿ" ಎಂದು ಕೈಚೀಲವನ್ನು ಗಂಡನ ಎದೆಗೊತ್ತಿ, ದಾಪುಗಾಲಿಟ್ಟು ಪಡಸಾಲೆಯ ತುದಿಗೆ ನಡೆದೇಬಿಟ್ಟರು. ಹಿಂದೆ ಬಂದ ನೀಲಾಂಬಿಕೆ, "ಚಿಕ್ಕ ಗಡ್ಡೆ ಅಂತೆ ಅಪ್ಪಾಜಿ. ಸದ್ಯಕ್ಕೆ ತೆಗೆಯೋದು ಬೇಡವಂತೆ. ಗುಳಿಗೆ ಕೊಟ್ಟು ಮೂರು ತಿಂಗಳು ನೋಡ್ತಾರಂತೆ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ನಿಜಗುಣಪ್ಪನವರ ಎದೆಯುಬ್ಬಿತು. ಕಂಠದಲ್ಲಿ ವಿಜಯಘೋಷ ಕಟ್ಟಿಕೊಂಡಿತು. ಅವರು ತಾಯಿ ಮಗಳನ್ನು ಹಿಂಬಾಲಿಸಿ, ಒಂದು ಬಾಗಿಲ ಮುಂದೆ ನೆಲೆನಿಂತು, ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಖಾಲಿ ಬಾಟಲಿ ಹಿಡಿದು, ಗಂಟಲು ಸರಿಪಡಿಸಿಕೊಂಡರು.

"ಸದರಿ ವಿಷಯದಲ್ಲಿ ನಾನು ಮೊದಲಿನಿಂದಲೂ..."

ಕೇಳಲು ಯಾರೂ ಇರಲಿಲ್ಲ. ಇಬ್ಬರೂ ಒಳಗಿದ್ದರು.

"ಸ್ವಲ್ಪ ಆ ಕಡೆ ಹೋಗಿ ಯಜಮಾನ್ರೇ" ಎಂದಳು ಮಗುವನ್ನು ಎತ್ತಿಕೊಂಡು ಬಂದ ಹೆಂಗಸೊಬ್ಬಳು. "ಇದು ಲೇಡೀಸ್ದು."

ನಿಜಗುಣಪ್ಪನವರು ಆ ಕಡೆ ಹೋದರು.