ತೂಕ ಇಳಿಸಿಕೊಂಡ ಅಂಬಾಸಿಡರ್

ಷಡ್ಡಕನೆಂಬ ಸಂಬಂಧವನ್ನು ದೇವರು ಮಾಡಿದ್ದೇ ಗಂಡಸಿನ ಹೊಟ್ಟೆಯೊಳಗಿನ ಬೆಂಕಿ ಆರದಿರಲೆಂದು. ನನ್ನ ಷಡ್ಡಕ ಗವಿಸಿದ್ದಪ್ಪ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟವನು. ಎಂಬತ್ತೈದನೇ ಇಸವಿಯಲ್ಲಿ ಒಂದು ಪುಟ್ಟ ಬಿಳಿ ಕಾರು ತಂದ. ಅಲ್ಲಿಯವರೆಗೆ ಕುರುಗೋಡಿನ ಮಾವನ ಮನೆಯಲ್ಲಿ ಕಾರೆಂದರೆ ನನ್ನ ಅಂಬಾಸಿಡರ್, ಅಳಿಯನೆಂದರೆ ನಾನು. ನನ್ನ ಹಾರನ್ ಕೇಳಿದರೆ ಅತ್ತೆ ಎರ್ರಮ್ಮನವರು ಒಲೆಯ ಮೇಲಿನ ಹಾಲು ಮರೆತು ಹೊರಗೆ ಬರುತ್ತಿದ್ದರು. ಈಗ ಬಳ್ಳಾರಿಯ ದವಾಖಾನೆಗೆ ಬರಲಿಕ್ಕೂ ಅವರಿಗೆ ಬಿಳಿ ಕಾರೇ ಬೇಕು. ಬಳ್ಳಾರಿಯಲ್ಲೇ ಬಟ್ಟೆ ಅಂಗಡಿ ಇಟ್ಟುಕೊಂಡು ನಾನೊಬ್ಬ ಬದುಕಿದ್ದೇನೆ ಎಂಬುದು ಯಾರಿಗೂ ನೆನಪಿಲ್ಲ.

ಆ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದ ನನ್ನ ಹೆಂಡತಿ ಜಂಬಮ್ಮ ಕಣ್ಣರಳಿಸಿ ಹೇಳಿದಳು, "ಹತ್ತಿ ಹಾರಿದಂಗ ಹೋಗತೈತ್ರಿ. ನಮ್ದು ಬಿಡ್ರಿ, ಗಬ್ಬಾದ ಎಮ್ಮಿ."

(ಮದುವೆಯಾಗಿ ಬಂದದ್ದು ಅದೇ ಎಮ್ಮೆಯಲ್ಲಿ. ಇರಲಿ.)

ಗ್ಯಾರೇಜಿನ ಓಬಣ್ಣನ ಮುಂದೆ ಗೋಳು ತೋಡಿಕೊಂಡೆ. ಫಾರಿನ್ನಿನಲ್ಲಿ ರೇಸಿನ ಕಾರುಗಳಿಗೆ ತಗಡೇ ಇರುವುದಿಲ್ಲವಂತೆ, ಕಾರ್ಬನ್ ನಾರಿನಲ್ಲಿ ಮೈ ಮಾಡುತ್ತಾರಂತೆ, ಉಕ್ಕಿಗಿಂತ ಗಟ್ಟಿ, ಹಪ್ಪಳದಷ್ಟು ಹಗುರ ಎಂದ. ಅದು ಬಳ್ಳಾರಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ಅದು ಸಿಗದು, ಅದರ ತಮ್ಮನಂಥ ಫೈಬರ್ ಸಿಗುತ್ತದೆ ಎಂದ. (ಷಡ್ಡಕನನ್ನು ಸೋಲಿಸಲು ಅಣ್ಣನಾದರೇನು, ತಮ್ಮನಾದರೇನು?) ಹೀಗೆ ನನ್ನ ಕಾರಿನ ಕಾಯಕಲ್ಪ ಶುರುವಾಯಿತು. ಬಾನೆಟ್ಟು, ಡಿಕ್ಕಿಯ ಮುಚ್ಚಳ, ಬಾಗಿಲುಗಳು ಎಲ್ಲವೂ ಬದಲಾದವು. ಸ್ವಲ್ಪ ದಪ್ಪಗೆ ಮಾಡೋಣ ಎಂದು ಓಬಣ್ಣ ಅಂಗಲಾಚಿದ. ಇನ್ನೂ ತೆಳ್ಳಗಾಗಲಿ ಎಂದು ಹಟ ಹಿಡಿದವನು ನಾನೇ.

ಅಷ್ಟರಲ್ಲಿ ಗವಿಸಿದ್ದಪ್ಪ ಎಲ್ಲರನ್ನೂ ಸಿರುಗುಪ್ಪಕ್ಕೆ ಊಟಕ್ಕೆ ಕರೆದ. ಅತ್ತೆಯನ್ನು ಕರೆದೊಯ್ಯಲು ನಾವು ಕುರುಗೋಡಿಗೆ ಹೋದರೆ ಅವನೂ ಬಂದಿದ್ದ. ನಾನು ಕೈಮುಗಿದು ಬೇಡಿಕೊಂಡು ಅವರನ್ನು ನನ್ನ ಕಾರಿಗೇ ಹತ್ತಿಸಿಕೊಂಡೆ. ಜಂಬಮ್ಮ ಮುಖ ಊದಿಸಿ ಪಕ್ಕದಲ್ಲಿ ಕೂತಳು.

ಕಾಲುವೆ ಪಕ್ಕದ ನೇರ ರಸ್ತೆಯಲ್ಲಿ ಬಿಳಿ ಕಾರನ್ನು ಹಿಂದೆ ಹಾಕಿಯೇಬಿಟ್ಟೆ. ಆ ಕ್ಷಣ ನಾನು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿ. ಎದುರಿನಿಂದ ಭತ್ತದ ಲಾರಿಯೊಂದು ರೊಯ್ಯನೆ ಹಾದುಹೋಯಿತು. ಅದರ ಗಾಳಿಗೆ ನನ್ನ ಬಾನೆಟ್ಟು ತಲೆಯೆತ್ತಿ, ಕಾರಿನ ಮೇಲಿಂದ ಹಾರಿ, ಗದ್ದೆಗೆ ಇಳಿಯಿತು. ಬ್ರೇಕ್ ಒತ್ತಿದೆ. ಗಾಬರಿಯಾದ ಅತ್ತೆ ಬಾಗಿಲನ್ನು ಜೋರಾಗಿ ನೂಕಿದರು. ಅದು ಕಿತ್ತು ಅವರ ಕೈಗೇ ಬಂತು. ನಡುರಸ್ತೆಯಲ್ಲಿ ಅತ್ತೆ ಗುರಾಣಿ ಹಿಡಿದ ರಣಚಂಡಿಯಂತೆ ನಿಂತರು.

ಹಿಂದಿನಿಂದ ಬಂದ ಗವಿಸಿದ್ದಪ್ಪ ಗದ್ದೆಗಿಳಿದು, ಬಾನೆಟ್ಟನ್ನು ಮೊರದಂತೆ ತಲೆಯ ಮೇಲೆ ಹೊತ್ತು ತಂದ. ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಅಣ್ಣಾರ, ಇವತ್ತು ಊಟ ಆದಮ್ಯಾಗ ಒಂದು ಮಾತು ಕೇಳಬೇಕಂತ ಮಾಡಿದ್ದೆ," ಎಂದ. "ಈ ಸಣ್ಣ ಕಾರಿನ್ಯಾಗ ಹೋದ್ರ ಗಿರಣಿ ಹಮಾಲರು ಸೈತ ಎದ್ದು ನಿಂದ್ರವಲ್ರು. ನಿಮ್ಮ ಗಾಡಿ ಬಂದ್ರ ಸಾಹುಕಾರ್ ಬಂದಂಗ ಕಾಣತೈತಿ. ಈ ಸಣ್ಣದನ್ನ ತಂದಾಗಿಂದ ನಿಮ್ಮನ್ನ ನೋಡಿ ಹೊಟ್ಟಿ ಉರಕೊಂತ ಅದೀನಿ. ನನ್ನದು ನೀವು ಇಟ್ಕೊಳ್ರಿ, ನಿಮ್ಮದು ನನಗ ಕೊಡ್ರಿ ಅಂತ ಕೇಳಾಕಿದ್ದೆ."

"ಈಗರ ಕೇಳಪಾ, ಏನಾತು," ಎಂದೆ.

ಅವನು ಅತ್ತೆಯ ಕೈಯಲ್ಲಿದ್ದ ಬಾಗಿಲನ್ನೊಮ್ಮೆ ನೋಡಿದ. "ಈಗ ಬ್ಯಾಡ ಬಿಡ್ರಿ," ಎಂದ.

ಓಬಣ್ಣನಿಗೆ ಹೇಳಿ ಕಳಿಸುತ್ತೇನೆಂದು ಭರವಸೆ ಕೊಟ್ಟು, ಹೆಂಗಸರಿಬ್ಬರನ್ನೂ ಬಿಳಿ ಕಾರಿಗೆ ಹತ್ತಿಸಿಕೊಂಡು ಅವನು ಹೊರಟ. ಬಾನೆಟ್ಟು, ಬಾಗಿಲು ಕಾಯಲು ನಾನು ಉಳಿದೆ. ಬಿಳಿ ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಹೆಂಡತಿಗೆ ಕನಿಕರ ಬಂತೇನೋ, ಕರೆಯುತ್ತಾಳೆ ಎಂದುಕೊಂಡೆ. ಜಂಬಮ್ಮ ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

"ಗಾಳಿ ಜೋರೈತ್ರಿ. ಅವೆರಡರ ಮ್ಯಾಲ ಕುಂದರ್ರಿ. ನಿಮ್ಮ ತೂಕಾನರ ಉಪಯೋಗಕ್ಕ ಬರಲಿ."