ಅತ್ತೆಗೆ ಕೈ ತೋರಿಸುವ ಕಾರ್ಯಕ್ರಮ

ಹೆಣ್ಣು ಕೊಡುವ ಮುಂಚೆ ಹುಡುಗನ ಜಾತಕ ನೋಡುವವರಿದ್ದಾರೆ, ಸಂಬಳ ನೋಡುವವರಿದ್ದಾರೆ, ಸಿಗರೇಟು ಸೇದುತ್ತಾನಾ ಅಂತ ಹತ್ತಿರ ಕೂತು ಮೂಸುವವರೂ ಇದ್ದಾರೆ. ನಮ್ಮ ಅತ್ತೆಯವರು ಇದ್ಯಾವುದನ್ನೂ ನೋಡಲಿಲ್ಲ. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ, "ಸ್ವಲ್ಪ ಕೈ ತೋರ್ಸಿ" ಅಂದರು. ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ನಮ್ಮಮ್ಮನಿಗೆ ಪುಳಕವೋ ಪುಳಕ!

"ಹಸ್ತರೇಖೆ ನೋಡೋದು ಗೊತ್ತಾ ನಿಮ್ಗೆ? ಆಯಸ್ಸು ಹೆಂಗಿದೆಯಮ್ಮ ನಮ್ಮ ಹುಡುಗಂದು?"

"ಆಯಸ್ಸು ನಂಗೊತ್ತಿಲ್ಲ ತಾಯಿ. ಬೆರಳು ಹತ್ತೂ ನೆಟ್ಟಗಿದಾವೆ, ನಮ್ಗಷ್ಟು ಸಾಕು" ಅಂದರು ಅತ್ತೆ. ಮದುವೆ ನಡೆದೇ ಹೋಯಿತು!

ವಿಷಯ ಏನೆಂದರೆ, ಗೌರಿಬಿದನೂರಿನಿಂದ ಕುಡುಮಲಕುಂಟೆಗೆ ಹೋಗುವ ದಾರಿಯಲ್ಲಿ ಅವರದೊಂದು ಹೈಡ್ರಾಲಿಕ್ ಪೈಪಿನ ಅಂಗಡಿ. ಟ್ರ್ಯಾಕ್ಟರು, ಟಿಪ್ಪರು, ಲೋಡರುಗಳಲ್ಲಿ ಎಣ್ಣೆ ಓಡಾಡುವ ಕಪ್ಪು ರಬ್ಬರು ಪೈಪು ಕೆಟ್ಟರೆ, ಹೊಸದನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಫಿಟಿಂಗ್ ಒತ್ತಿಸಿ ಕೊಡುವ ಜಾಗ. ಅಂಗಡಿ ತೆರೆದದ್ದು ಮಾವನವರು. ಅವರಿಗೆ ಮಾತು ಕಡಿಮೆ, ಬರುವ ಡ್ರೈವರುಗಳಿಗೆ ಮಾತು ಜಾಸ್ತಿ. ಹೀಗಾಗಿ ಮಾವನವರು ಫಿಟಿಂಗ್ ಒತ್ತುವ ಮಿಷಿನ್ನಿನ ಹಿಂದೆ ಸೇರಿಕೊಂಡರು, ಗಲ್ಲಾ ಅತ್ತೆಯ ಪಾಲಿಗೆ ಬಂತು. ಬೈಗುಳದ ಇಲಾಖೆಯೂ ಅದರ ಜೊತೆಗೇ ಬಂತು.

ಅತ್ತೆಯ ಕಂಕುಳಲ್ಲಿ ಸದಾ ಒಂದು ಕೋಲು, ಕೋಲಿನ ತುದಿಗೆ ಸಿಕ್ಕಿಸಿದ ರಟ್ಟು. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಕಣ್ಣಿಗೂ ಕಾಣದಂತೆ ಚಿಮ್ಮುತ್ತದೆ. ಕೈಯಾಡಿಸಿ ಹುಡುಕಿದರೆ ಚರ್ಮ ತೂರಿ ಒಳಗೇ ಹೋಗಿಬಿಡುತ್ತದೆ, ಎಷ್ಟೋ ಡ್ರೈವರುಗಳ ಬೆರಳೇ ಹೋಗಿದೆ. ಅದಕ್ಕೇ ದೂರ ನಿಂತು ರಟ್ಟು ಆಡಿಸಬೇಕು, ರಟ್ಟು ನೆನೆದ ಕಡೆ ಲೀಕು. ಸರಿ, ಒಳ್ಳೆಯದೇ. ಆದರೆ ಅಷ್ಟೊಂದು ರಟ್ಟು ಎಲ್ಲಿಂದ ಬರಬೇಕು? ನೆಂಟರಿಂದ! ಮೇಲೂರಿನ ನಮ್ಮ ಮನೆಯಲ್ಲಿ ಮಗಳ ನಾಮಕರಣವಾದಾಗ ಅತ್ತೆ ಬಾಗಿಲಲ್ಲೇ ನಿಂತರು. "ಮೈಸೂರುಪಾಕು ನೀವೇ ಇಟ್ಕೊಳಿ, ರಟ್ಟಿನ ಡಬ್ಬ ಮಾತ್ರ ಕೊಟ್ಟೋಗಿ." ನಮ್ಮ ಕಡೆಯವರೆಲ್ಲ ಬರಿಗೈಯಲ್ಲಿ ಮೈಸೂರುಪಾಕು ಹಿಡಿದುಕೊಂಡು ಬಸ್ಸು ಹತ್ತಿದರು!

ಒಮ್ಮೆ ಒಬ್ಬ ಡ್ರೈವರು ಸೋರುವ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ಮೇಲೆ ಕಂಬಿ ಬಿಗಿದುಕೊಂಡು ಬಂದ. "ಇನ್ನೊಂದು ತಿಂಗ್ಳು ಬರುತ್ತೆ ಬಿಡಮ್ಮ" ಅಂದ. ಅತ್ತೆ ಪೈಪನ್ನು ಬಿಚ್ಚಿಸಿ ಕತ್ತರಿಸುವ ಮಿಷಿನ್ನಿಗೆ ಕೊಟ್ಟು ನಟ್ಟನಡುವೆ ಎರಡು ತುಂಡು ಮಾಡಿದರು. "ಈಗ ಎಷ್ಟು ತಿಂಗ್ಳು ಬರುತ್ತೆ ಹೇಳಪ್ಪ?"

ನಮ್ಮ ಮನೆಗೆ ಬಂದರೂ ಮೊಮ್ಮಗಳನ್ನು ಎತ್ತಿಕೊಳ್ಳುವ ಮುಂಚೆ ಗ್ಯಾಸಿನ ಪೈಪು ನೋಡುತ್ತಾರೆ. ಎಲ್ಲಿ ತಿರುಚಿದೆ, ಎಲ್ಲಿ ಗೋಡೆಗೆ ಉಜ್ಜುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ! ಅದಿರಲಿ, ನಾನೂ ನನ್ನ ಹೆಂಡತಿಯೂ ಜಗಳವಾಡಿದರೆ ಫೋನಿನಲ್ಲಿ ಬರುವ ತೀರ್ಪೂ ಅಂಗಡಿಯದೇ, ಲೋಡರಿನ ಡ್ರೈವರುಗಳಿಗೆ ಹೇಳುವಂಥದ್ದೇ. "ಮೊದ್ಲು ಇಬ್ರೂ ಬಕೆಟ್ ನೆಲಕ್ಕಿಳ್ಸಿ, ಎಂಜಿನ್ ಆಫ್ ಮಾಡಿ, ಲಿವರ್ ಆ ಕಡೆ ಈ ಕಡೆ ಆಡ್ಸಿ. ಒಳಗಿರೋ ಪ್ರೆಷರ್ ಹೋಗೋವರ್ಗೂ ಯಾರೂ ಯಾವ ನಟ್ಟೂ ಮುಟ್ಬೇಡಿ!" ಇದನ್ನು ಕೇಳಿದ ಮೇಲೆ ಜಗಳ ಮುಂದುವರಿಸಲು ಯಾರಿಗಾದರೂ ಮನಸ್ಸು ಬರುತ್ತದೆಯೇ?

ಹೋದ ಬೇಸಿಗೆಯಲ್ಲಿ ನಾನು ಅಂಗಡಿಯಲ್ಲೇ ಇದ್ದೆ. ತೊಂಡೇಬಾವಿ ಕಡೆಯಿಂದ ಒಂದು ಲೋಡರು ಬಂದು ನಿಂತಿತು. ಮಣ್ಣೆತ್ತುವ ಬಕೆಟ್ ಮೇಲೇ ಇದೆ, ಎಂಜಿನ್ ಗುಡುಗುಡು ಅನ್ನುತ್ತಿದೆ. ಡ್ರೈವರು ಹಾರಿ ಇಳಿದು, "ಇಲ್ಲೇ ಎಲ್ಲೋ ಸೋರ್ತಾ ಇದೆ ನೋಡಮ್ಮ" ಅಂತ ಪೈಪಿನತ್ತ ಕೈ ಚಾಚಿದ.

"ಕೈ ತೆಗಿಯೋ!" ಅಂತ ಅತ್ತೆ ಕೂಗಿದರು.

"ಏಂ ಕಾದಮ್ಮಾ" ಅಂದ ಆ ಪುಣ್ಯಾತ್ಮ, ಏನೂ ಆಗಲ್ಲ ಅಂತ. ಕೈ ಮಾತ್ರ ತೆಗೆಯಲಿಲ್ಲ.

ಅತ್ತೆ ಕೋಲು ರಟ್ಟು ಎರಡನ್ನೂ ಬಿಸಾಕಿ ಓಡಿಹೋಗಿ ಅವನ ಕೈಯನ್ನು ಬಡಿದು ಆಚೆ ತಳ್ಳಿದರು. ಅವನ ಕೈ ಬಚಾವಾಯಿತು. ಅತ್ತೆಯ ತೋರುಬೆರಳಿನಲ್ಲಿ ಒಂದು ಚುಕ್ಕೆ ಮೂಡಿತು.

"ಇರುವೆ ಕಚ್ಚಿದಂಗೂ ಇಲ್ಲ, ಬಿಡಿ ಅಳಿಯಂದ್ರೇ" ಅಂತ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಎಂಥಾ ಹೆಂಗಸು ನೋಡಿ! ಎಣ್ಣೆ ಚುಚ್ಚಿದರೆ "ನೋವಿಲ್ಲ ಅಂದ್ರೂ ಓಡು, ಆಸ್ಪತ್ರೆಗೆ ಓಡು" ಅಂತ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದವರೇ ಇವರು. ನಾನು ಗೋಡೆ ತೋರಿಸಿದೆ.

"ಅದು ಡ್ರೈವರುಗಳಿಗೆ ಬರ್ಸಿರೋದು!"

ನನಗೆ ರೇಗಿಹೋಯಿತು. "ಏಳಿ ಅತ್ತೆ, ಮೊದ್ಲು ಕಾರು ಹತ್ತಿ!" ಅಂತ ಗದರಿಬಿಟ್ಟೆ. ಅಳಿಯ ಅತ್ತೆಯನ್ನು ಗದರುವುದೇ? ಅವರು ಕಕ್ಕಾಬಿಕ್ಕಿಯಾಗಿ ಮಾವನವರ ಮುಖ ನೋಡಿದರು. ಮಾವನವರು ಷಟರ್ ಎಳೆಯುತ್ತಾ ಆ ದಿನದ ಮೊದಲ ಮಾತಾಡಿದರು. "ಹೋಗೇ."

ಚಿಕ್ಕಬಳ್ಳಾಪುರ ಮುಟ್ಟುವ ಹೊತ್ತಿಗೆ ಬೆರಳು ಊದಿಕೊಂಡು ಬಣ್ಣ ತಿರುಗಿತ್ತು. ಅತ್ತೆಗೆ ಮಾತೇ ಇಲ್ಲ. ಅವರ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದೇ ಅವತ್ತು. "ಮುಳ್ಳು ಚುಚ್ಚಿದ್ದಲ್ಲ ಡಾಕ್ಟ್ರೇ, ಪ್ರೆಷರ್ ಎಣ್ಣೆ ಒಳಗೋಗಿದೆ" ಅಂತ ನಾನು ಅಂದ ಕೂಡಲೇ ಡಾಕ್ಟರು ನೇರ ಆಪರೇಷನ್‌ಗೆ ಕರೆದುಕೊಂಡು ಹೋದರು. ಬೆರಳು ಕೊಯ್ದು ಒಳಗಿನ ಎಣ್ಣೆ ತೊಳೆದರು. ನೋವಿಲ್ಲವೆಂದು ಬೆಳಿಗ್ಗೆವರೆಗೂ ಮನೆಯಲ್ಲೇ ಮಲಗಿದ್ದಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಅಂದರು. ಉಳಿಯಿತು.

ಮಾರನೇ ಮಧ್ಯಾಹ್ನ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ಬಂತು. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅತ್ತೆಯ ಬಲಗೈ ಪೂರ್ತಿ ಬ್ಯಾಂಡೇಜು. ನಾನೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಯ ಹತ್ತಿರ ಹಿಡಿದೆ. ನಾನು ಉಂಡು ಏಳುವ ತನಕ ಒಂದು ದಿನವೂ ತಟ್ಟೆ ಮುಂದೆ ಕೂತವರಲ್ಲ ಅವರು. ಮುಖ ತಿರುಗಿಸಿಬಿಟ್ಟರು.

"ಅಳಿಯನ ಕೈಲಿ ತಿನ್ನೋದಾ? ಶಿವಶಿವಾ!"

"ತಣ್ಣಗಾಗುತ್ತೆ ಅತ್ತೆ."

ಮೆಲ್ಲಗೆ ಈ ಕಡೆ ತಿರುಗಿದರು. ಆಮೇಲೆ, "ಎಲ್ಲಿ, ಮೊದ್ಲು ಕೈ ತೋರ್ಸಿ" ಅಂದರು.

ತುತ್ತನ್ನು ತಟ್ಟೆಗಿಟ್ಟು ಕೈ ಚಾಚಿದೆ. ಎಡಗೈಯಿಂದ ಹಿಡಿದುಕೊಂಡು, ಹೆಣ್ಣು ನೋಡಲು ಹೋದ ದಿನದಂತೆಯೇ ಹಿಂದೆ ಮುಂದೆ ತಿರುಗಿಸಿದರು. ಸಾರು ಮೆತ್ತಿದ ಒಂದೊಂದು ಬೆರಳನ್ನೂ ಒತ್ತಿ ನೋಡಿದರು. ಇನ್ನೊಂದು ಕೈಯನ್ನೂ ಕೇಳಿ ನೋಡಿದರು. ಕಣ್ಣು ತುಂಬಿಕೊಂಡಿತ್ತು.

"ನೀವೂ ಅಲ್ಲೇ ಪಕ್ಕದಲ್ಲಿದ್ರಲ್ಲ. ನಿನ್ನೆಯಿಂದ ಅದೇ ಯೋಚ್ನೆ ನಂಗೆ. ನಿಮ್ಗೆಲ್ಲೂ ತಗುಲ್ಲಿಲ್ಲ ತಾನೆ?"

ಇಲ್ಲ ಅಂತ ತಲೆಯಾಡಿಸಿದೆ. ಹತ್ತೂ ನೆಟ್ಟಗಿವೆ ಅಂತ ಖಾತ್ರಿಯಾದ ಮೇಲೆ ಅತ್ತೆ ತುತ್ತಿಗೆ ಬಾಯಿ ತೆರೆದರು.