ವಲ್ಲಿ ಹಾಸಿ ಹೋದ ಪ್ರೇಕ್ಷಕರು

ಮೈದಾನದಲ್ಲಿ ಮೈಕು ಹಿಡಿದು ನಿಂತವನಿಗೆ ಚಿತ್ರವಿಚಿತ್ರ ಪ್ರಸಂಗಗಳು ತಪ್ಪಿದ್ದಲ್ಲ. ನಾನು ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ಶಾಲೆ ನನ್ನನ್ನು ಬಿಟ್ಟಿತು, ಮೈಕು ಬಿಡಲಿಲ್ಲ. ಎಲ್ಲಿ ಪಂದ್ಯಾವಳಿ ಇದ್ದರೂ "ಮಾಸ್ತರನ್ನ ಕರೀರಿ" ಎನ್ನುತ್ತಾರೆ, ನಾನೂ ಬಿಳಿ ಟೋಪಿ ಹಾಕಿಕೊಂಡು ಹೊರಡುತ್ತೇನೆ. ಮೊದಲೆಲ್ಲ ಜನರನ್ನು ಗೆರೆಯ ಆಚೆ ತಳ್ಳಲು ಮೈಕು ಬೇಕಿತ್ತು. ಈಗ ಗೆರೆಯ ಹತ್ತಿರಕ್ಕಾದರೂ ಬನ್ನಿ ಎಂದು ಕರೆಯಲು ಬೇಕು. ದೇಶದ ತುಂಬ ಹೀಗೇ ಆಗಿದೆಯಂತೆ. ದೊಡ್ಡ ಊರಿನ ದೊಡ್ಡ ಕ್ರಿಕೆಟ್ಟಿಗೆ ಟಿಕೆಟ್ ಸಿಗುವುದಿಲ್ಲ, ಸಣ್ಣ ಊರಿನ ಆಟಕ್ಕೆ ಪುಕ್ಕಟೆ ಕರೆದರೂ ಜನ ಸಿಗುವುದಿಲ್ಲ. ದೇಶದ ಮಾತು ದೇಶಕ್ಕಿರಲಿ, ನನಗೆ ಒಬ್ಬ ಗೆಳೆಯನ ಚಿಂತೆ.

ಆತ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕಲ್ಲೂರಿನವನು, ಈಗ ಮಾನ್ವಿಯಲ್ಲಿ ಮನೆ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಹೆಗಲ ಮೇಲಿನ ವಲ್ಲಿ, ಅಂದರೆ ಟವೆಲ್ಲು, ಎಸೆದರೆ ಆ ಸೀಟು ಎಸೆದವನದು. ಯಾರೂ ತಕರಾರು ಮಾಡುವುದಿಲ್ಲ, ಮಾಡಿದರೆ ಈತ ತೀರ್ಪು ಕೊಡುತ್ತಿದ್ದ. ಅದೇ ಕಾಯ್ದೆಯನ್ನು ಮೈದಾನಕ್ಕೂ ತಂದಿದ್ದ. ನನ್ನ ಮೇಜಿನ ಬಲಕ್ಕೆ ವಲ್ಲಿ ಹಾಸಿ ಕುಳಿತು ನಾನು ಹೇಳಿದ್ದಕ್ಕೆಲ್ಲ ತಪ್ಪು ತೆಗೆಯುವುದು ಆತನ ಕೆಲಸ. ನಾನು "ಅದ್ಭುತ ದಾಳಿ" ಎಂದರೆ, "ಏನ್ ಅದ್ಭುತಲೇ, ಕಾಲು ಜಾರಿ ಬಿದ್ದು ಗೆರಿ ಮುಟ್ಟ್ಯಾನ" ಎನ್ನುವನು. ಸುತ್ತಲಿನವರು ನಗುವರು. ಎಷ್ಟೋ ಪಂದ್ಯಗಳನ್ನು ನಾವಿಬ್ಬರೇ ನಡೆಸಿದ್ದೇವೆ ಎಂದು ನನಗೆ ಅನಿಸುತ್ತದೆ.

ಎರಡು ವರ್ಷದ ಹಿಂದೆ ಆತನ ಅಳಿಯ ದೊಡ್ಡ ಫೋನು ಕೊಡಿಸಿದ. ಅಂದಿನಿಂದ ಮೈದಾನಕ್ಕೆ ಬಂದಿಲ್ಲ. ಪಂದ್ಯವನ್ನು ಮನೆಯಲ್ಲೇ ಲೈವ್ ನೋಡಿ, ಮುಗಿದ ಮೇಲೆ ಫೋನ್ ಮಾಡಿ ತಪ್ಪು ಹೇಳುತ್ತಾನೆ. ಆರಿದ ಚಹಾ ಕುಡಿದ ಹಾಗೆ. ಇದರ ಮೇಲೆ, ಮಾನ್ವಿ ಕಬಡ್ಡಿ ಸಮಿತಿಯ ಅಧ್ಯಕ್ಷರಾದ ಅಕ್ಕಿ ಗಿರಣಿ ಸಾಹುಕಾರರು ಈ ಸಲ ನನ್ನನ್ನು ಕರೆದು ಹೇಳಿಬಿಟ್ಟರು: "ಮಾಸ್ತರ, ಫೈನಲ್ ದಿನ ಜನ ಬರ್ಲಿಲ್ಲಂದ್ರ ಮುಂದಿನ ವರ್ಷದಿಂದ ಮೈಕು ಬ್ಯಾಡ್ರಿ. ಬರೇ ಲೈವ್ ಬಿಡೋಣು." ಆ ಫೈನಲ್ಲಿನಲ್ಲಿ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ನೆನಪಾದ ಕೆಲವು.

ಔಟಾದ ಪ್ರೇಕ್ಷಕ

ಇದು ಹಳೆಯದು, ದೇವದುರ್ಗದ್ದು. ಕಬಡ್ಡಿ ಅಂಕಣದ ಸುತ್ತ ಜನ ಎಷ್ಟು ಒತ್ತಿ ಕುಳಿತಿದ್ದರೆಂದರೆ ಸುಣ್ಣದ ಗೆರೆ ಅವರ ತೊಡೆಯ ಕೆಳಗೆ ಹೋಗಿತ್ತು. ಬೇವಿನ ಗಿಡದ ಮೇಲೂ ಜನ. "ಗಿಡದ ಮ್ಯಾಲಿನವರು ಇಳೀರಿ" ಎಂದು ನಾನು ಗದರಿದರೆ, "ಕೆಳಗ ಜಾಗ ಎಲ್ಲಿ ಅದ, ನೀವೇ ತೋರಿಸ್ರಿ" ಎಂದು ಮೇಲಿನಿಂದ ಉತ್ತರ ಬಂತು.

ದಾಳಿಗೆ ಬಂದ ಆಟಗಾರ ಮೂಲೆಯಲ್ಲಿ ಕೈ ಬೀಸಿದ. ಅದು ಎದುರಾಳಿಗೆ ತಾಗಲಿಲ್ಲ, ಗೆರೆಯೊಳಗೆ ಕಾಲು ಚಾಚಿ ಕುಳಿತಿದ್ದ ಒಬ್ಬ ರೈತನ ಮೊಣಕಾಲಿಗೆ ತಾಗಿತು. ಆ ಮನುಷ್ಯ ಎದ್ದ, ಧೋತರದ ಮಣ್ಣು ಕೊಡವಿದ, ನೇರ ಹೋಗಿ ಔಟಾದ ಆಟಗಾರರ ಸಾಲಿನಲ್ಲಿ ಕುಳಿತ.

ಅಂಪೈರ್ ಓಡಿಹೋಗಿ, "ಯಜಮಾನ್ರ, ನೀವ್ಯಾಕ ಇಲ್ಲಿ ಕುಂತ್ರಿ?" ಎಂದು ಕೇಳಿದ.

"ಮುಟ್ಟ್ಯಾನ್ರೀ. ಎಲ್ಲಾರೂ ನೋಡ್ಯಾರ. ಸುಳ್ಳು ಹೇಳಾಕ ಬರಂಗಿಲ್ಲ."

ದಾಳಿ ಮಾಡಿದ ತಂಡದವರು, "ಅವರೇ ಒಪ್ಪಿಕೊಂಡಾರ, ಪಾಯಿಂಟ್ ಕೊಡ್ರಿ" ಎಂದು ಪಟ್ಟು ಹಿಡಿದರು. ನನ್ನ ಬಲದಿಂದ ಕಂಡಕ್ಟರ್ ತೀರ್ಪು ಕೊಟ್ಟ: "ಟಿಕೆಟ್ ಇಲ್ಲದವನನ್ನ ಇಳಿಸಬಹುದು, ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ." ಅಂಪೈರ್ ಅದನ್ನೇ ಎತ್ತಿ ಹಿಡಿದ.

ರೈತ ಮಾತ್ರ ಏಳಲಿಲ್ಲ. ಮತ್ತೊಮ್ಮೆ ದಾಳಿಗೆ ಬಂದವನನ್ನು ರೈತ ಕುಳಿತಿದ್ದ ಕಡೆಯವರು ಹಿಡಿದು ಕೆಡವಿದಾಗ ಔಟಾಗಿದ್ದವರಲ್ಲಿ ಒಬ್ಬ ಮತ್ತೆ ಅಂಕಣಕ್ಕೆ ಇಳಿಯಬೇಕು. ಆಟಗಾರ ಏಳುವುದರೊಳಗೆ ಈತ ಎದ್ದು, "ನನಗ ಜೀವ ಬಂತು" ಎಂದು ತನ್ನ ಮೊದಲಿನ ಜಾಗಕ್ಕೆ ಹೋಗಿ ಕಾಲು ಚಾಚಿದ.

ಕಿಕ್ಕಿರಿದ ಒಬ್ಬರು

ಇದು ಮೊನ್ನೆ ಮೊನ್ನೆ ರಾಯಚೂರಿನಲ್ಲಿ ನಡೆದದ್ದು. ಜಿಲ್ಲಾ ಕ್ರೀಡಾಂಗಣದಲ್ಲಿ ಕ್ರಿಕೆಟ್. ಬಿಸಿಲು ನಮ್ಮೂರ ಬಿಸಿಲೇ, ಹೇಳುವುದು ಬೇಡ. ಗ್ಯಾಲರಿಯ ನೆರಳಲ್ಲಿ ಒಬ್ಬರೇ ಒಬ್ಬರು ಕುಳಿತಿದ್ದರು, ಮಡಿಲಲ್ಲಿ ಔಷಧಿ ಚೀಲ.

ನನಗೆ ಹಳೆಯ ಚಾಳಿ. ಮೈಕು ಕೈಗೆ ಬಂದ ಕೂಡಲೇ, "ಕಿಕ್ಕಿರಿದು ಸೇರಿರುವ ಕ್ರೀಡಾಭಿಮಾನಿಗಳೇ" ಎಂದುಬಿಟ್ಟೆ. ಆ ಮನುಷ್ಯ ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಎದ್ದು ನಿಂತು ನನಗೆ ಕೈ ಮುಗಿದರು.

ಇದ್ದೊಬ್ಬ ಪ್ರೇಕ್ಷಕರನ್ನು ಕಳೆದುಕೊಳ್ಳಬಾರದೆಂದು ಸಂಘಟಕರು ಅವರಿಗೆ ಮಜ್ಜಿಗೆ ಕೊಟ್ಟರು, ಕುರ್ಚಿ ಕೊಟ್ಟರು. ನಾಲ್ಕು ಗಂಟೆಗೆ ಅವರು ಚೀಲ ಎತ್ತಿಕೊಂಡರು. "ಬಹುಮಾನ ಕೊಡೋ ತನಕ ಇರ್ರಿ ಯಪ್ಪಾ, ನಿಮಗ ಕೈ ಮುಗೀತೀವಿ" ಎಂದರೆ, "ನನಗ ಗಬ್ಬೂರು ಬಸ್ಸು ಅದ. ಅದು ಹೋದ್ರ ನೀವು ಬಿಡಾಕ ಬರ್ತೀರೇನು?" ಎಂದರು.

ಹಾಗಾಗಿ ಆಟ ಇನ್ನೂ ಐದು ಓವರ್ ಬಾಕಿ ಇರುವಾಗಲೇ ನಿಲ್ಲಿಸಿ ಬಹುಮಾನ ವಿತರಣೆ ಮಾಡಿದೆವು. ಗೆದ್ದವರು ಯಾರೆಂದು ಗೊತ್ತಿಲ್ಲದ್ದರಿಂದ ಇಬ್ಬರು ನಾಯಕರೂ ಕಪ್ಪಿನ ಒಂದೊಂದು ಕಿವಿ ಹಿಡಿದರು. ಔಷಧಿ ಚೀಲದವರು ಚಪ್ಪಾಳೆ ತಟ್ಟಿ ಬಸ್ಸಿಗೆ ಹೋದರು, ನಾವು ಮತ್ತೆ ಆಡಲು ಹೋದೆವು.

ತಡವಾಗಿ ಬಂದ ಚಪ್ಪಾಳೆ

ಶಕ್ತಿನಗರದಲ್ಲಿ ವಾಲಿಬಾಲ್. ಅಲ್ಲಿ ವಿದ್ಯುತ್ ಸ್ಥಾವರದ ಪಾಳಿ ಮುಗಿಸಿ ಬಂದ ಇಂಜಿನಿಯರುಗಳು, ಗುತ್ತಿಗೆ ಕೆಲಸಗಾರರು ಸುಮಾರು ಮಂದಿ ಸೇರಿದ್ದರು. ನನಗೆ ಹಬ್ಬ. ಆದರೆ ಏನೋ ತಾಳ ತಪ್ಪುತ್ತಿತ್ತು. ಚೆಂಡು ಹೊಡೆದಾಗ ಯಾರೂ ಉಸಿರೆತ್ತುವುದಿಲ್ಲ. ಹೊಡೆದವನು ನೀರು ಕುಡಿಯುವಾಗ ಹೋ ಎಂದು ಕೂಗು. ಒಬ್ಬ ಆಟಗಾರನ ಸರ್ವ್ ನೆಟ್ಟಿಗೆ ಬಿತ್ತು, ಅದಕ್ಕೆ ಭಾರೀ ಚಪ್ಪಾಳೆ. ಪಾಪ, ಆತ ನೊಂದುಕೊಂಡ.

ಮೈಕಿನ ಕಟ್ಟೆ ಇಳಿದು ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಫೋನಿನಲ್ಲಿ ಅದೇ ಪಂದ್ಯದ ಲೈವ್ ನೋಡುತ್ತಿದ್ದಾರೆ. ಅದರಲ್ಲಿ ಆಟ ಅರ್ಧ ನಿಮಿಷ ತಡವಾಗಿ ಬರುತ್ತದೆ. ಮುಂದಿದ್ದ ಇಂಜಿನಿಯರರನ್ನು, "ಎದುರಿಗೇ ಆಡಾಕತ್ತಾರಲ್ರೀ, ಫೋನ್ ಯಾಕ?" ಎಂದು ಕೇಳಿದೆ.

"ಎದುರಿಗೆ ನೋಡಿದ್ರ ಕಾಮೆಂಟ್ ಹಾಕಾಕ ಬರಂಗಿಲ್ರೀ ಸರ."

"ಏನ್ ಹಾಕಿದ್ರಿ?"

ಅವರು ಸಂಕೋಚದಿಂದ ಫೋನು ತೋರಿಸಿದರು. 'ಆಟ ಚೆನ್ನಾಗಿದೆ. ಮೈಕಿನವರು ಸ್ವಲ್ಪ ಸುಮ್ಮನಿದ್ದರೆ ಇನ್ನೂ ಚೆನ್ನಾಗಿರುತ್ತದೆ.' ಕೆಳಗೆ ಮೂವತ್ತು ಜನ ಹೆಬ್ಬೆರಳು ಒತ್ತಿದ್ದರು. ಮೈದಾನದಲ್ಲಿ ಇದ್ದವರೂ ಅಷ್ಟೇ ಜನ.

ಮನೆಯಾಕೆಯ ಅಭಿಪ್ರಾಯ

ಮಾನ್ವಿಯ ಫೈನಲ್ಲಿಗೆ ಹೊರಡುವಾಗ ಹೆಂಡತಿಯನ್ನು ಕೇಳಿದೆ: "ನೀನರ ಬಾ. ಒಂದು ತಲಿ ಹೆಚ್ಚಾಗತದ."

"ನೀವು ಮೈಕು ಹಿಡಿಯಾಕ ಹೋದ ದಿನ ಅಷ್ಟೇ ಈ ಮನಿಯಾಗ ಶಾಂತಿ ಇರತದ. ಅದನ್ನ ಬಿಟ್ಟು ಅಲ್ಲಿಗೆ ಬರ್ಲೇನು?" ಎಂದು ಟೋಪಿ ಕೈಗಿಟ್ಟಳು.

ಮಾನ್ವಿಯ ಫೈನಲ್

ಮಧ್ಯಾಹ್ನ ಮೂರಕ್ಕೆ ಮೈದಾನಕ್ಕೆ ಹೋದೆ. ನೋಡಿದವನಿಗೆ ಎದೆ ತುಂಬಿ ಬಂತು. ಅಂಕಣದ ಸುತ್ತ ಸಾಲು ಸಾಲು ವಲ್ಲಿ. ಕೆಂಪಂಚಿನವು, ಬಿಳಿಯವು, ಚೌಕಳಿಯವು, ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಕಲ್ಲು. ನನ್ನ ಮೇಜಿನ ಬಲಕ್ಕೆ ಬೀಡಿ ಕಿಡಿಗೆ ತೂತಾದ ಹಸಿರು ಚೌಕಳಿ ವಲ್ಲಿ. ಅದು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ವರ್ಷದ ಮೇಲೆ ಬಂದಿದ್ದ. ಬಗ್ಗಿ ಅದರ ಮೇಲಿನ ಕಲ್ಲನ್ನು ಸರಿ ಮಾಡಿದೆ.

ಮನುಷ್ಯರು ಮಾತ್ರ ಒಬ್ಬರೂ ಇರಲಿಲ್ಲ. ಚಹಾ ಕುಡಿಯಲು ಹೋಗಿರಬೇಕು, ಬರುತ್ತಾರೆ ಎಂದುಕೊಂಡೆ. "ಪ್ರೇಕ್ಷಕ ಬಾಂಧವರು ಬಂದ ಕೂಡಲೇ ಪಂದ್ಯ ಆರಂಭ" ಎಂದು ಸಾರಿದೆ. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಆಟಗಾರರು ಮೈ ಬಿಸಿ ಮಾಡಿಕೊಂಡು, ಆರಿಸಿಕೊಂಡು, ಮತ್ತೆ ಬಿಸಿ ಮಾಡಿಕೊಂಡರು. ಅಧ್ಯಕ್ಷ ಸಾಹುಕಾರರು ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ಲೈವ್ ಬಿಡುತ್ತಿದ್ದ ಮೊಬೈಲ್ ಅಂಗಡಿಯವರು ಬಂದು, "ಮಾಸ್ತರ, ಯಾರಿಗೆ ಕಾಯಾಕತ್ತೀರಿ? ಎಲ್ಲಾರೂ ರಸ್ತಿ ಆಚೆ ಹೋಟೆಲ್ನಾಗ ಫ್ಯಾನ್ ಕೆಳಗ ಕುಂತು ಲೈವ್ ನೋಡಾಕತ್ತಾರ" ಎಂದರು.

"ಆಟಾನ ಶುರು ಆಗಿಲ್ಲ, ಏನ್ ನೋಡಾಕತ್ತಾರ?"

"ತಮ್ಮ ವಲ್ಲಿ ನೋಡಾಕತ್ತಾರ್ರೀ. ಆಟ ಯಾವಾಗ ಶುರು ಮಾಡ್ತಾರಂತ ನಿಮಗ ಬೈಯಾಕತ್ತಾರ."

ಅವರು ಆಟಕ್ಕೆ ಕಾಯುತ್ತಿದ್ದರು, ನಾನು ಅವರಿಗೆ ಕಾಯುತ್ತಿದ್ದೆ. ಜಾಗ ಹಿಡಿಯುವ ಚಟ ಹೋಗಿಲ್ಲ, ಕುಳಿತುಕೊಳ್ಳುವ ಚಟ ಹೋಗಿದೆ. ಗೆಳೆಯನೂ ಅಲ್ಲೇ ಇದ್ದಾನೆ, ಇನ್ನೂರು ಹೆಜ್ಜೆ ದೂರದಲ್ಲಿ. ಮನೆಯಲ್ಲೇ ಇದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನನಗೆ ಸಿಟ್ಟು ಬಂದರೆ ಬುದ್ಧಿ ಚುರುಕಾಗುತ್ತದೆ. "ಆಟ ಶುರು" ಎಂದು ಸಾರಿ, ಮೈಕು ಹಿಡಿದೇ ಮೇಜು ಬಿಟ್ಟು ಹೊರಟೆ. "ಜನವಿಲ್ಲದ ವಲ್ಲಿಗಳನ್ನು ಎತ್ತಿ ಆಟಗಾರರಿಗೆ ಬೆವರು ಒರೆಸಿಕೊಳ್ಳಲು ಕೊಡಲಾಗುವುದು" ಎಂದು ಒಂದೊಂದನ್ನೇ ಎತ್ತಿ ಹೆಗಲಿಗೆ ಹಾಕಿಕೊಳ್ಳತೊಡಗಿದೆ. ಮೊದಲ ದಾಳಿ ಮುಗಿಸಿ ಬಂದ ದಪ್ಪ ಆಟಗಾರ ಒಂದನ್ನು ಎಳೆದುಕೊಂಡು ಕಂಕುಳು ಒರೆಸಿಕೊಂಡ.

ಅರ್ಧ ನಿಮಿಷ ಏನೂ ಆಗಲಿಲ್ಲ. ಮೈಕಿನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಲೈವ್ ತಡವಾಗಿ ಬರುತ್ತದಲ್ಲ. ಆಮೇಲೆ ಹೋಟೆಲಿನ ಬಾಗಿಲಿನಿಂದ ಜನ ಸುರಿದರು.

"ಮಾಸ್ತರ, ಕೆಂಪಂಚಿಂದು ನಂದ್ರೀ, ಅವಗ ಕೊಡಬ್ಯಾಡ್ರಿ."

"ಅದು ಬೀಗರು ಕೊಟ್ಟ ವಲ್ಲಿ, ಇನ್ನೂ ನೀರಿಗೆ ಹಾಕಿಲ್ರೀ."

ವಲ್ಲಿ ಅರವತ್ತರ ಮೇಲಿರಲಿಲ್ಲ, ಕೇಳಲು ಬಂದವರು ಇನ್ನೂರಕ್ಕೆ ಕಡಿಮೆ ಇರಲಿಲ್ಲ. ವಲ್ಲಿಯನ್ನೇ ತರದವರೂ ಸಾಲಿನಲ್ಲಿ ನಿಂತು ಗುರುತು ಹೇಳುತ್ತಿದ್ದರು. ನಾನು ಬೇಕೆಂದೇ ನಿಧಾನವಾಗಿ ಹಂಚಿದೆ. ಅಷ್ಟರಲ್ಲಿ ಆಟ ಸಮಸಮಕ್ಕೆ ಬಂತು. ಒಬ್ಬ ಕೂಗಿದ, ಹತ್ತು ಜನ ಕೂಗಿದರು, ವಲ್ಲಿ ಸಿಕ್ಕವರು ಅದನ್ನು ಅಲ್ಲೇ ಹಾಸಿ ಕುಳಿತರು. ಆ ಗದ್ದಲ ಎಷ್ಟು ದಿನದ ಮೇಲೆ ಕೇಳಿದೆನೋ, ಮೈಕನ್ನು ಜನರ ಕಡೆ ತಿರುಗಿಸಿ ಹಿಡಿದೆ.

ಬಲಕ್ಕೆ ಹಸಿರು ಚೌಕಳಿ ವಲ್ಲಿ ಹಾಗೇ ಇತ್ತು. ಅದೊಂದನ್ನು ನಾನು ಎತ್ತಿರಲಿಲ್ಲ. ಅದಕ್ಕೇ ಇರಬೇಕು, ಆತ ಬರಲಿಲ್ಲ. ಪ್ರತಿ ಪಾಯಿಂಟಿಗೂ ಆ ಕಡೆ ತಿರುಗಿ ಮಾತಾಡುತ್ತಿದ್ದೆ, ತಪ್ಪು ತೆಗೆಯುವವರು ಯಾರೂ ಇರಲಿಲ್ಲ.

ಕೊನೆಯ ಐದು ನಿಮಿಷ ಉಳಿದಾಗ ಯಾರೋ ಜನರನ್ನು ಸರಿಸುತ್ತ, ಮೊಣಕಾಲು ಹಿಡಿದುಕೊಂಡು ಬಂದರು. ಆತನೇ. ವಲ್ಲಿಯ ಕಲ್ಲು ಸರಿಸಿ, ಉಸಿರು ಬಿಡುತ್ತ ಕುಳಿತ.

"ಈಗ್ಯಾಕ ಬಂದಿ?" ಎಂದೆ. "ನಿನ್ನ ವಲ್ಲಿ ಮುಟ್ಟಿಲ್ಲಲೇ ನಾನು."

"ಫೋನ್ನಾಗ ನೋಡಾಕತ್ತಿದ್ನಿ. ನೀ ಖಾಲಿ ವಲ್ಲಿ ಜೋಡಿ ಮಾತಾಡಾಕತ್ತಿದ್ದಿ. ನಾ ಬರದ ಎರಡು ವರ್ಷಾನೂ ಹೀಂಗ ಮಾಡೀಯೇನು? ನನಗ ನೋಡಾಕ ಆಗಲಿಲ್ಲ ಮಾಸ್ತರ."

ನಾನು ಸರಕ್ಕನೆ ಅಂಕಣದ ಕಡೆ ತಿರುಗಿ, "ಅದ್ಭುತ ದಾಳಿ" ಎಂದು ಕೂಗಿದೆ.

"ಏನ್ ಅದ್ಭುತಲೇ" ಎಂದ ಆತ. "ಅಲ್ಲಿ ನೀರು ಕುಡಿಯಾಕ ಆಟ ನಿಲ್ಲಿಸ್ಯಾರ."

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಆಗ ಗೊತ್ತಾಯಿತು, ನಾವು ಆಡಿದ್ದೆಲ್ಲ ಮೈಕಿನಲ್ಲಿ ಹೋಗಿದೆ, ಹೋಟೆಲಿಗೂ ಹೋಗಿದೆ, ಲೈವಿಗೂ ಹೋಗಿದೆ. ನಾನು ಗುಂಡಿ ಒತ್ತಿ ಮುಚ್ಚಲು ಹೋದೆ, ಅಧ್ಯಕ್ಷ ಸಾಹುಕಾರರು ಬಂದು ಕೈ ಹಿಡಿದರು. ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಇರ್ಲಿ ಬಿಡ್ರಿ ಮಾಸ್ತರ. ಮುಂದಿನ ವರ್ಷ ಎರಡು ಮೈಕು ಹಾಕಸ್ತೀನಿ. ವಲ್ಲಿ ಮಾತ್ರ ಮೊದಲ ದಿನದಿಂದಾನ ಎತ್ರಿ."